ಅಮ್ಮ ದುಬೈಯಲ್ಲಿ ಕೊಂಡ ಕಲ್ಲು

ತಲ್ಲೂರು: ಚೀಲ ಕಟ್ಟುವ ದಿನ

ದುಬೈಗೆ ಹೋಗಿ ಬಂದವರೆಲ್ಲ ಮುಗಿಲು ಮುಟ್ಟುವ ಕಟ್ಟಡದ ಕತೆ ಹೇಳುತ್ತಾರೆ. ನಾನು ಅದನ್ನು ನೋಡಿದ್ದು ಕಾರಿನ ಕಿಟಕಿಯಿಂದ, ಅದೂ ಅರ್ಧ. ಉಳಿದರ್ಧಕ್ಕೆ ಕಾರಿನ ಮಾಡು ಅಡ್ಡ ಬಂತು. ಮರುಭೂಮಿಗೆ ಹೋಗಲಿಲ್ಲ, ಒಂಟೆ ಹತ್ತಲಿಲ್ಲ, ಚಿನ್ನದ ಬೀದಿಯಲ್ಲಿ ಬಾಯಿ ಬಿಟ್ಟು ನಿಲ್ಲಲೂ ಇಲ್ಲ. ತಲ್ಲೂರಿನ ನನ್ನ ಟೈಲರಿಂಗ್ ಅಂಗಡಿಗೆ ಬ್ಲೌಸ್ ಹೊಲಿಸಲು ಬಂದವರು "ದುಬೈಯಲ್ ಎಂತ ಕಂಡ್ರಿ?" ಎಂದು ಕೇಳಿದರೆ "ಒಂದ್ ಅಂಗಡಿ ಕಂಡೆ" ಎನ್ನುತ್ತೇನೆ. ಪಾಪ, ಅವರ ಮುಖ ಸಣ್ಣದಾಗುತ್ತದೆ. ಆದರೆ ಪೂರ್ತಿ ಹೇಳಿದ ಮೇಲೆ ಅಳತೆ ಕೊಡುವುದನ್ನೂ ಮರೆತು ಕೂತವರಿದ್ದಾರೆ.

ನಾನು ಹೋದದ್ದು ಊರು ನೋಡಲಿಕ್ಕಲ್ಲ, ಅಮ್ಮನನ್ನು ಮುಟ್ಟಿಸಿ ಬರಲಿಕ್ಕೆ. ನನ್ನ ತಂಗಿ ಸುಮತಿ ಶಾರ್ಜಾದಲ್ಲಿದ್ದಾಳೆ. ಅವಳ ಗಂಡ ರಘು ಬೈಂದೂರಿನವನು, ಅಲ್ಲಿ ಒಂದು ಗೋದಾಮಿನ ಉಸ್ತುವಾರಿ ನೋಡಿಕೊಳ್ಳುತ್ತಾನೆ. ಸುಮತಿಗೆ ಆಗ ಎಂಟನೇ ತಿಂಗಳು. ನಮ್ಮಲ್ಲಿ ಚೊಚ್ಚಲ ಹೆರಿಗೆ, ಬಾಣಂತನ ಎಲ್ಲ ತವರುಮನೆಯಲ್ಲೇ ಆಗಬೇಕು. ಆದರೆ ಡಾಕ್ಟರು ಅವಳಿಗೆ ವಿಮಾನ ಹತ್ತಲೇಬಾರದು ಎಂದುಬಿಟ್ಟಿದ್ದರು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳ ಹತ್ತಿರ ಹೋಗಬೇಕಷ್ಟೆ. ಅಮ್ಮ ಹೊರಟಳು.

ಡಾಕ್ಟರು ಹಾಗೆ ಹೇಳಲು ಕಾರಣವಿತ್ತು. ಎರಡು ವರ್ಷದ ಹಿಂದೆ ಸುಮತಿಗೆ ಆರನೇ ತಿಂಗಳಲ್ಲಿ ಮಗು ಹೋಯಿತು. ಅಷ್ಟರಲ್ಲಿ ಅವಳೂ ರಘುವೂ ತೊಟ್ಟಿಲು, ಸೊಳ್ಳೆಪರದೆ, ಬೆರಳುದ್ದದ ಕಾಲುಚೀಲ ಎಲ್ಲ ತಂದಿಟ್ಟಾಗಿತ್ತು. ಮಗು ಹುಟ್ಟುವ ಮೊದಲು ಅದಕ್ಕೆಂದು ಒಂದು ನೂಲನ್ನೂ ಕೊಳ್ಳಬಾರದು ಎಂಬುದು ಅಮ್ಮನ ನಂಬಿಕೆ. ಅಮ್ಮನದು ಮಾತ್ರವಲ್ಲ, ಅಮ್ಮನ ಅಮ್ಮನದೂ. ಆ ಸುದ್ದಿ ಬಂದ ದಿನ ಅಮ್ಮ ಸುಮತಿಗೆ ಒಂದೂ ಮಾತು ಆಡಲಿಲ್ಲ. ಆಡದಿದ್ದರೇನು, ಅಮ್ಮನ ಮನಸ್ಸಿನಲ್ಲಿದ್ದದ್ದು ಸುಮತಿಗೆ ಗೊತ್ತಿತ್ತು. ರಘು ಆ ತೊಟ್ಟಿಲನ್ನು ಯಾರದೋ ಪಿಕಪ್ಪಿಗೆ ಹಾಕಿ ಕಳಿಸಿಬಿಟ್ಟ.

ಈಗ ಎರಡನೇ ಸಲ. ಫೋನಿನಲ್ಲಿ ಸುಮತಿ ಸೆಕೆಯ ಬಗ್ಗೆ ಮಾತಾಡುತ್ತಿದ್ದಳು, ಅಕ್ಕಿಯ ಬಗ್ಗೆ ಮಾತಾಡುತ್ತಿದ್ದಳು, ಪಕ್ಕದ ಫ್ಲ್ಯಾಟಿನವರ ಜಗಳವನ್ನು ಅಭಿನಯ ಮಾಡಿ ತೋರಿಸುತ್ತಿದ್ದಳು. "ಒದೀತಾ?" ಎಂದು ಕೇಳಿದರೆ ಮಾತ್ರ "ಹ್ಞೂಂ" ಎಂದು ಮಾತು ಬದಲಿಸುತ್ತಿದ್ದಳು. ಅಮ್ಮನಿಗೆ ಹತ್ತಿದ ಚಿಂತೆ ಅದೇ.

"ಹೆರುದ್ ಹ್ಯಾಂಗಾದ್ರೂ ಆತ್ತ್" ಎಂದು ಚೀಲ ಕಟ್ಟುತ್ತಾ ಅಮ್ಮ ನನಗೆ ಹೇಳಿದಳು. "ಆದ್ರೆ ಶಿಶು ಬತ್ತ್ ಅಂತೇಳಿ ಆ ಹೆಣ್ಣ್ ನಂಬುದೇ ಇಲ್ಲೆ ಕಾಣ್. ನಂಬ್ಕೆ ಇಲ್ದೆ ಹೊತ್ಕಂಡ್ರೆ ಮಸ್ತ್ ಭಾರ ಆತ್ತ್."

ಚೀಲದೊಳಗೆ ಕುಚ್ಚಲಕ್ಕಿ, ಓಲೆಬೆಲ್ಲ, ಮೆಂತೆ, ಬಾಣಂತಿ ಮದ್ದಿನ ಪುಡಿ, ತೆಂಗಿನೆಣ್ಣೆ, ಒಗೆದು ಒಗೆದು ಮೆತ್ತಗಾದ ಅಮ್ಮನ ಹಳೇ ಸೀರೆಯ ತುಂಡುಗಳು. ಮುಚ್ಚಳ ಹಾಕಲು ನಾನು ಚೀಲದ ಮೇಲೆ ಕೂತಿದ್ದೆ. ಆಗ ಅಮ್ಮ ಮೆಲ್ಲಗೆ ಕೇಳಿದಳು, "ಹೆಣೆ, ರುಬ್ಬು ಕಲ್ಲಿನ್ ಗುಂಡ್ ಒಂದ್ ಹಾಕ್ಕಂಡ್ರೆ ಆತಿಲ್ಯಾ?"

"ವಿಮಾನ ಮೇಲ್ ಏಳುದೇ ಇಲ್ಲೆ ಅಮ್ಮ!" ಎಂದು ನಾನು ನಕ್ಕೆ. ಸುಮತಿ ಮನೆಯಲ್ಲಿ ಮಿಕ್ಸಿ ಇದೆ, ಅಲ್ಲಿ ಯಾರು ರುಬ್ಬುತ್ತಾರೆ?

"ಆಯ್ತ್ ಬಿಡ್" ಎಂದಳು ಅಮ್ಮ. ಮತ್ತೆ ಅದರ ಮಾತೆತ್ತಲಿಲ್ಲ.

ಶಾರ್ಜಾ: ಮುಚ್ಚಿದ ಕೋಣೆ

ಸುಮತಿಯ ಫ್ಲ್ಯಾಟು ಚೆನ್ನಾಗಿದೆ. ಕಿಟಕಿಯಿಂದ ನೋಡಿದರೆ ಎದುರು ಕಟ್ಟಡದವರ ಒಗೆದ ಬಟ್ಟೆ, ಅದರಾಚೆ ಮಸೀದಿ, ಅದರಾಚೆ ಒಂದು ತುಂಡು ಸಮುದ್ರ. ಮರವಂತೆಯಲ್ಲಿ ರಸ್ತೆಯ ಪಕ್ಕದಲ್ಲೇ ಇಡೀ ಸಮುದ್ರ ನೋಡಿ ಬೆಳೆದವಳಿಗೆ ಇದು ತೋರಿಕೆಗೆ ಇಟ್ಟ ಹಾಗೆ ಕಂಡಿತು. "ನಿಂಗೆ ಇಷ್ಟೇ ಸಮುದ್ರ ಕೊಟ್ಟದ್ದಾ?" ಎಂದು ಸುಮತಿಯನ್ನು ರೇಗಿಸಿದೆ. ಅವಳು ನಕ್ಕಳು. ಹೊಟ್ಟೆ ಮುಂದೆ ಬಂದು, ಕೈಕಾಲು ಮಾತ್ರ ಕಡ್ಡಿಯ ಹಾಗಿದ್ದಳು.

ಮನೆಯಲ್ಲಿ ಎರಡು ಕೋಣೆ. ಒಂದರ ಬಾಗಿಲು ಯಾವಾಗಲೂ ಮುಚ್ಚಿರುತ್ತಿತ್ತು. ಅಮ್ಮ ಎರಡನೇ ದಿನ ಅದನ್ನು ತೆರೆದು ನೋಡಿದಳು. ಇಸ್ತ್ರಿ ಮಾಡುವ ಹಲಗೆ, ಖಾಲಿ ಸೂಟ್‌ಕೇಸು, ಹಳೇ ಫ್ಯಾನು. ಗೋಡೆಗೆ ಮಾತ್ರ ಯಾರೋ ಇಷ್ಟಪಟ್ಟು ಬಳಿಸಿದ ಎಳೆ ಹಳದಿ ಬಣ್ಣ. ಅಮ್ಮ ಬಾಗಿಲು ಎಳೆದುಕೊಂಡು ಬಂದು ನನ್ನ ಹತ್ತಿರ ಕೂತಳು. ಅದು ಯಾರಿಗಾಗಿ ಬಳಿಸಿದ ಬಣ್ಣ ಎಂದು ನಮಗಿಬ್ಬರಿಗೂ ಗೊತ್ತಾಗಿತ್ತು.

ಆ ಮನೆಯ ದೊಡ್ಡ ಸಮಸ್ಯೆ ಚಪ್ಪಲಿಯದ್ದು. ಹೊರಗೆ ಬಾಗಿಲ ಬಳಿ ಬಿಟ್ಟರೆ ಕಟ್ಟಡದ ಕಾವಲುಗಾರ ಬಂದು ಗೊಣಗುತ್ತಾನೆ, ಒಳಗೆ ಬಿಟ್ಟರೆ ಅಮ್ಮ ಗೊಣಗುತ್ತಾಳೆ. "ದೇವ್ರ್ ಪಟ ಇಪ್ಪು ಮನೆಯೊಳ್ಗೆ ಮೆಟ್ಟ್ ರಾಶಿ ಹಾಕುದಾ?" ಎಂದಳು. ನಾವು ಚಪ್ಪಲಿಗೆ ಮೆಟ್ಟು ಎನ್ನುವುದು. ರಘು ಗೌರವದ ಅಳಿಯ, ಅತ್ತೆಯ ಮಾತಿಗೆ ಎದುರಾಡುವವನಲ್ಲ. "ಭಾನುವಾರ ದೊಡ್ಡಂಗಡಿಗೆ ಹೋಪ ಅತ್ತೆ. ಮೆಟ್ಟ್ ಇಡು ಗೂಡ್ ಒಂದ್ ತಪ್ಪ" ಎಂದ.

ನಮ್ಮ ಪ್ರವಾಸದ ಉದ್ದೇಶ ಅಷ್ಟೇ. ಒಂದು ಚಪ್ಪಲಿ ಗೂಡು.

ಭಾನುವಾರ: ಅಂಗಡಿಯೊಳಗಿನ ಪೇಟೆ

ನಮ್ಮೂರಲ್ಲಿ ಒಂದು ಮಂಚ ಮಾಡಿಸುವುದೆಂದರೆ ಸಣ್ಣ ಮದುವೆ ಇದ್ದ ಹಾಗೆ. ಮೊದಲು ಹಲಸಿನ ಮರದ ಮಾತು, ಆಮೇಲೆ ಆಚಾರಿಯ ಮಾತು. ಆಚಾರಿ ಬಂದು ಜಗಲಿಯಲ್ಲಿ ಚಾ ಕುಡಿದು, ಮರ ಇನ್ನೂ ಒಣಗಬೇಕು ಎಂದು ಹೇಳಿ ಎದ್ದು ಹೋಗುತ್ತಾನೆ. ಮರ ಒಣಗುವಾಗ ಮಳೆಗಾಲ, ಮಳೆ ಬಿಟ್ಟಾಗ ಆಚಾರಿಗೆ ಬ್ರಹ್ಮಾವರದಲ್ಲಿ ಯಾರದೋ ಹೊಸಮನೆ ಕೆಲಸ. ನನ್ನ ಮದುವೆಯ ಮಂಚ ಬಂದದ್ದು ನನ್ನ ಮಗ ಹುಟ್ಟಿದ ಮೇಲೆ. ಹಾಗಾಗಿ ನಮಗೆ ಮಂಚವನ್ನು ನೋಡಿದ ಕೂಡಲೇ ಆಸೆಪಡುವ ಅಭ್ಯಾಸವಿಲ್ಲ. ಆಸೆಪಡುವಷ್ಟು ಹೊತ್ತಿಗೆ ಅದು ಹಳತಾಗಿರುತ್ತದೆ.

ದುಬೈಯ ಈ ಮನೆಸಾಮಾನಿನ ಅಂಗಡಿ ಬೇರೆ ಲೋಕ. ನಮ್ಮ ತಲ್ಲೂರು ಪೇಟೆಯನ್ನು ಎತ್ತಿ ಒಳಗಿಟ್ಟರೂ ಜಾಗ ಉಳಿದೀತು. ಒಳಗೆ ನೂರಾರು ಕೋಣೆಗಳು. ಒಂದೊಂದೂ ಒಬ್ಬರ ಮನೆಯ ಹಾಗೆ. ದೀಪ ಉರಿಯುತ್ತಿದೆ, ದಿಂಬು ಇದೆ, ಮೇಜಿನ ಮೇಲೆ ಕನ್ನಡಕ ಮಡಚಿಟ್ಟಿದೆ, ಮನೆಯವರು ಮಾತ್ರ ಇಲ್ಲ. ನೆಲದ ಮೇಲೆ ಬಾಣದ ಗುರುತು. ಆ ಬಾಣ ಹೇಳಿದ ಕಡೆಗೇ ಎಲ್ಲರೂ ನಡೆಯಬೇಕು, ಕೊಲ್ಲೂರಲ್ಲಿ ಪ್ರದಕ್ಷಿಣೆ ಬಂದ ಹಾಗೆ.

ಜನವೋ ಜನ. ಎಲ್ಲೆಲ್ಲಿಂದಲೋ ಬಂದ ಸಂಸಾರಗಳು. ಒಂದು ಸೋಫಾದ ಮೇಲೆ ಅಜ್ಜಿ, ಮೊಮ್ಮಗಳು, ಅವರ ನಡುವೆ ಬಿಸ್ಕತ್ತಿನ ಪೊಟ್ಟಣ. ಇನ್ನೊಂದರಲ್ಲಿ ಗಂಡಹೆಂಡತಿ ಕರ್ಟನ್ನಿನ ಬಣ್ಣಕ್ಕೆ ಜಗಳವಾಡಿ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ಕೂತಿದ್ದಾರೆ. ಒಂದು ಮಂಚದಲ್ಲಿ ಒಬ್ಬ ಗಂಡಸು ಸುಖವಾಗಿ ಗೊರಕೆ ಹೊಡೆಯುತ್ತಿದ್ದ. ಅಮ್ಮ ಅವನ ಮುಂದೆ ನಿಂತೇಬಿಟ್ಟಳು.

"ಇವ್ರೆಲ್ಲ ಸಾಮಾನ್ ತಕಂಬುಕ್ ಬಂದದ್ದಾ, ತಣ್ಗೆ ಕೂಕಂಬುಕ್ ಬಂದದ್ದಾ?"

"ಬಪ್ದ್ ತಣ್ಗೆ ಕೂಕಂಬುಕೆ ಅತ್ತೆ" ಎಂದ ರಘು. "ಹೋಪ್ದ್ ಮಾತ್ರ ಸಾಮಾನ್ ಹೊತ್ಕಂಡ್."

ಹೊರಗಿನ ಬಿಸಿಲಿಗೆ ಆ ಊರಲ್ಲಿ ಮಕ್ಕಳನ್ನು ಕರೆದುಕೊಂಡು ಬೇರೆಲ್ಲಿಗೆ ಹೋಗುವುದು? ನಾವು ಭಾನುವಾರ ಸಂಜೆ ಸಮುದ್ರ ತೀರಕ್ಕೆ ಹೋಗಿ ಚುರುಮುರಿ ತಿಂದು ಬರುವ ಹಾಗೆ ಇವರು ಇಲ್ಲಿಗೆ ಬಂದು ಬೇರೆಯವರ ಮನೆಯ ಹಾಗಿರುವ ಕೋಣೆಗಳಲ್ಲಿ ಸ್ವಲ್ಪ ಹೊತ್ತು ಸಂಸಾರ ಮಾಡಿ ಹೋಗುತ್ತಾರೆ. ನಾನೂ ಏನು ಕಡಿಮೆ? ಕಂಡ ಕರ್ಟನ್ನುಗಳ ಅಂಚು ಮಗುಚಿ ಹೊಲಿಗೆ ನೋಡಿದೆ. ಅಳತೆ ಮಾಡಲಿಕ್ಕೆಂದು ಕಾಗದದ ಟೇಪನ್ನು ಪುಕ್ಕಟೆ ನೇತುಹಾಕಿದ್ದರು. ಟೈಲರಿನ ಕೈ ಸುಮ್ಮನಿರುತ್ತದೆಯೇ? ಒಂದು ಹಿಡಿ ಕಿತ್ತು ಪರ್ಸಿಗೆ ಹಾಕಿಕೊಂಡೆ. ಸುಮತಿ "ಅಕ್ಕಾ, ಮರ್ಯಾದಿ ತೆಗಿಬೇಡ ಮಾರಾಯ್ತಿ" ಎಂದು ನನ್ನ ಕೈಗೆ ಹೊಡೆದಳು.

ಕಪಾಟುಗಳ ಸಾಲು ಮುಗಿಯುವಲ್ಲಿ ಸುಮತಿ ಬಾಣ ಬಿಟ್ಟು ಒಂದು ಸಣ್ಣ ಸಂದಿಗೆ ತಿರುಗಿದಳು. "ಇಲ್ಲಾಸಿ ಹೋಪ, ಬೇಗ ಆತ್ತ್" ಎಂದಳು. ನಾವು ಹಿಂಬಾಲಿಸಿದೆವು. ನೇರ ಊಟದ ಜಾಗಕ್ಕೇ ಬಂದುಬಿಟ್ಟೆವು. ಅವಳಿಗೆ ಸುಸ್ತಾಗಿರಬೇಕು ಎಂದು ನಾನೆಣಿಸಿದೆ. ರಘು ಮಾತ್ರ ಒಂದು ಗಳಿಗೆ ಆ ಸಂದಿಯ ಬಾಯಲ್ಲೇ ನಿಂತು, ಬಾಣ ಹೋದ ದಿಕ್ಕನ್ನು ನೋಡಿ, ಆಮೇಲೆ ಬಂದ.

ಊಟದ ಜಾಗ: ಅಮ್ಮನ ಕಾಲಿಗೆ ಚಳಿ

ಅಂಗಡಿಯ ಹೊಟ್ಟೆಯೊಳಗೇ ಊಟದ ಜಾಗ. ಮೀನು ಇದೆ ಎಂದು ರಘು ಅಮ್ಮನಿಗಾಗಿ ತಂದ. ಕೆಂಪಗೆ, ದಪ್ಪಗೆ, ಚೌಕವಾಗಿ ಕೊಯ್ದ ತುಂಡು. ಪಕ್ಕದಲ್ಲಿ ಬೇಯಿಸಿದ ಹಸಿರು ತರಕಾರಿ. ಅಮ್ಮ ಒಂದು ಚೂರು ಬಾಯಿಗಿಟ್ಟು ಮೆಲ್ಲಗೆ ಅಗಿದಳು.

"ಹ್ಯಾಂಗಿತ್ ಅತ್ತೆ?"

"ಲಾಯ್ಕ್ ಇತ್" ಎಂದಳು ಅಮ್ಮ, ಅಳಿಯ ತಂದದ್ದಲ್ಲವೇ. ಆಮೇಲೆ ನನ್ನ ಕಿವಿಯಲ್ಲಿ, "ಉಪ್ಪಿಲ್ಲೆ, ಹುಳಿ ಇಲ್ಲೆ. ಜ್ವರ ಬಂದವ್ರಿಗ್ ಕೊಡು ಮೀನ್ ಇದ್" ಎಂದಳು. ಸುಮತಿಗೆ ಕೇಳಿಸಿತು. ತಟ್ಟೆಯ ಮೇಲೆ ಬಗ್ಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಸಾಕಾಗಿ ತನ್ನ ಹೊಟ್ಟೆಯ ಮೇಲಿದ್ದ ಕೈಯನ್ನು ತಾನೇ ನೋಡಿದಳು, ತೆಗೆದು ಮೇಜಿನ ಮೇಲಿಟ್ಟಳು. ನನಗೆ ಬೇಜಾರಾಯಿತು. ಮುಟ್ಟಿದರೆ ಕಣ್ಣು ತಾಗೀತೆಂಬ ಹಾಗೆ ಇಷ್ಟೊಂದು ಹೆದರಿಕೊಂಡು ಯಾರಾದರೂ ಬಸುರಿಯಾಗಿರುವುದುಂಟೇ?

ಆಗಲೇ ಅಮ್ಮ ಮೇಜಿನ ಅಡಿ ನೋಡಿದಳು. "ಹೆಣೆ, ಕಾಲಿಗ್ ಚಳಿ ಆತ್ತ್. ನನ್ ಮೆಟ್ಟ್ ಎಲ್ಲ್?"

ಮೂವರೂ ಬಗ್ಗಿ ನೋಡಿದೆವು. ಅಮ್ಮನ ಕಾಲು ಬರಿಗಾಲು. ವಿಮಾನಕ್ಕೆಂದೇ ಕುಂದಾಪುರದಲ್ಲಿ ಕೊಂಡ ಹೊಸ ಕಂದು ಚಪ್ಪಲಿ ಇಲ್ಲ.

"ಆ ಮಲ್ಗು ಕ್ವಾಣಿ ಇತ್ತಲೇ, ನೀಲಿ ಹೊದ್ಕಿ ಹಾಸಿದ್ದ್? ಅದ್ರ್ ಹೊರ್ಗೆ ಬಿಟ್ಟೆ."

"ಎಂತಕ್ ಬಿಟ್ಟದ್?" ಎಂದೆ ನಾನು.

"ಮತ್ತೆ? ಯಾರ್ದೋ ಮಲ್ಗು ಕ್ವಾಣಿಗೆ ಮೆಟ್ಟ್ ಹಾಕ್ಕಂಡ್ ಹೋಪ್ದಾ?" ಅಮ್ಮನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಒಳ್ಗ್ ಹೋಯಿ ಕಂಡೆ. ಆಚಿ ಬದಿಯಲ್ ಬಾಗ್ಲ್ ಇತ್ತ್, ನೀವೆಲ್ಲ ಹಾಂಗೇ ಮುಂದ್ ಹೋದ್ರಿ, ನಾನೂ ಬಂದೆ."

ಈ ಅಂಗಡಿ ಕಟ್ಟಿದವರು ಎಲ್ಲವನ್ನೂ ಯೋಚಿಸಿರಬೇಕು. ಆದರೆ ತಲ್ಲೂರಿನ ಹೆಂಗಸೊಬ್ಬಳು ಬಂದು, ತೋರಿಕೆಯ ಕೋಣೆಯ ಹೊಸ್ತಿಲಲ್ಲಿ ಮರ್ಯಾದೆಯಿಂದ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾಳೆ, ಬಾಣ ಅವಳನ್ನು ಚಪ್ಪಲಿಯ ಹತ್ತಿರ ವಾಪಸು ಬಿಡುವುದಿಲ್ಲ ಎಂದು ಯೋಚಿಸಿರಲಾರರು.

ಬಾಣಕ್ಕೆ ಎದುರಾಗಿ

ರಘುವನ್ನು ತಟ್ಟೆಗಳ ಕಾವಲಿಗೆ ಬಿಟ್ಟು ನಾವು ಮೂವರೂ ಹೊರಟೆವು. ಅಮ್ಮ ಬರಿಗಾಲಲ್ಲಿ ಗದ್ದೆಯ ಅಂಚಿನ ಮೇಲೆ ನಡೆಯುವವಳ ಹಾಗೆ ಸರಸರ ಮುಂದೆ. ಎದುರಿನಿಂದ ಟ್ರಾಲಿಗಳು, ಮಕ್ಕಳು, ಅವರ ಅಪ್ಪಂದಿರು. ಸುಮತಿ ಹಿಂದಿನಿಂದ "ಅಮ್ಮಾ, ಅಲ್ಲಲ್ಲ, ಈ ಬದಿ!" ಎಂದು ಆ ಸಂದಿಯನ್ನು ತೋರಿಸುವಷ್ಟರಲ್ಲಿ ಅಮ್ಮ ಅದನ್ನು ದಾಟಿ, ಬಂದ ದಾರಿ ಇದೇ ಎಂದುಕೊಂಡು ಇನ್ನೊಂದು ತಿರುವಿಗೆ ಹೋಗಿಯಾಗಿತ್ತು.

ತಿರುವಿನಾಚೆ ಮಕ್ಕಳ ವಿಭಾಗ. ಸಣ್ಣ ಮೇಜು, ಸಣ್ಣ ಕುರ್ಚಿ, ಗೋಡೆಯಲ್ಲಿ ಮೋಡದ ಚಿತ್ರ, ಮತ್ತೆ ಸಾಲಾಗಿ ತೊಟ್ಟಿಲುಗಳು. ಸುಮತಿ ಯಾವುದನ್ನು ತಪ್ಪಿಸಲು ಸಂದಿ ಹಿಡಿದಿದ್ದಳೆಂದು ನನಗೆ ಆಗ ಗೊತ್ತಾಯಿತು. ಪ್ರತೀ ಸಲ ಬಂದಾಗಲೂ ಹಾಗೇ ಮಾಡುತ್ತಿದ್ದಿರಬೇಕು. ಇಲ್ಲದಿದ್ದರೆ ಆ ಸಂದಿ ಅಷ್ಟು ಸಲೀಸಾಗಿ ಕಣ್ಣಿಗೆ ಬೀಳುವಂಥದ್ದಲ್ಲ.

ಅಲ್ಲಿ ಇಬ್ಬರು ಪುಟ್ಟ ಹುಡುಗಿಯರು ಒಂದು ಬಿಳಿ ತೊಟ್ಟಿಲನ್ನು ಆಚೀಚೆ ತೂಗುತ್ತಿದ್ದರು. ತೊಟ್ಟಿಲು ಖಾಲಿ.

ನಮ್ಮಲ್ಲಿ ಖಾಲಿ ತೊಟ್ಟಿಲನ್ನು ಯಾರೂ ತೂಗುವುದಿಲ್ಲ. ತೂಗಿದರೆ ಮಗುವಿಗೆ ಒಳ್ಳೆಯದಲ್ಲ ಎನ್ನುತ್ತಾರೆ. ಹಿಂದೆ ಬಸುರಿ ಮಗಳು ನಿಂತಿದ್ದಾಳೆ, ಮುಂದೆ ಖಾಲಿ ತೊಟ್ಟಿಲು ತೂಗುತ್ತಿದೆ. ಅಮ್ಮ ಓಡಿದಳು.

"ತೂಗ್ಬೇಡಿ ಮಕ್ಳೇ! ಖಾಲಿ ತೊಟ್ಲ್ ತೂಗುಕಾಗ!"

ಮಕ್ಕಳಿಗೆ ಏನು ತಿಳಿಯಬೇಕು? ಇನ್ನೂ ಜೋರಾಗಿ ತೂಗಿದರು. ಅಮ್ಮ ಹೆಗಲಿನ ಚೀಲವನ್ನು ಎಳೆದು ತೊಟ್ಟಿಲೊಳಗೆ ಮಲಗಿಸಿಬಿಟ್ಟಳು. ಪಾಸ್‌ಪೋರ್ಟು, ಕನ್ನಡಕ, ಎಲೆಅಡಿಕೆ ಡಬ್ಬಿ ಎಲ್ಲ ಇದ್ದ ಚೀಲ. ಈಗ ತೊಟ್ಟಿಲು ಖಾಲಿಯಲ್ಲ, ತೂಗಿದರೆ ತೂಗಿಕೊಳ್ಳಲಿ! ಆ ಮಕ್ಕಳ ತಾಯಿ, ಯಾವ ದೇಶದವಳೋ, ತಲೆಗೆ ಕಪ್ಪು ವಸ್ತ್ರ ಸುತ್ತಿದವಳು, ಗಾಬರಿಯಿಂದ ಬಂದಳು. ಬರಿಗಾಲ ಅಮ್ಮನನ್ನು ನೋಡಿದಳು, ತೊಟ್ಟಿಲೊಳಗಿನ ಚೀಲವನ್ನು ನೋಡಿದಳು, ಆಮೇಲೆ ನಮ್ಮ ಹಿಂದೆ ಸುಮತಿಯ ಹೊಟ್ಟೆಯನ್ನು ನೋಡಿದಳು. ಏನರ್ಥವಾಯಿತೋ, ತನ್ನ ಮಕ್ಕಳ ಕೈಗಳನ್ನು ತೊಟ್ಟಿಲಿನಿಂದ ಬಿಡಿಸಿದಳು. ಹೋಗುವಾಗ ಅಮ್ಮನ ತೋಳು ಮುಟ್ಟಿ ಹೋದಳು.

ಅಮ್ಮ ನನ್ನನ್ನು ಕರೆದಳು. "ಹಿಡ್ಕ. ಅಲ್ಲಾಡುದ್ ನಿಲ್ಲು ತನ್ಕ ಚೀಲ ತೆಗುಕಾಗ." ನಾನು ಎರಡೂ ಕೈಯಲ್ಲಿ ತೊಟ್ಟಿಲು ಹಿಡಿದು ನಿಂತೆ. ಅದು ನಿಂತ ಮೇಲೆಯೇ ಅಮ್ಮ ಚೀಲ ತೆಗೆದದ್ದು.

ಸುಮತಿ ಮಾತ್ರ ಒಳಗೆ ಕಾಲಿಡಲಿಲ್ಲ. ದಾರಿಯಲ್ಲೇ, ನೆಲದ ಬಾಣದ ಮೇಲೆ, ತಲೆ ತಗ್ಗಿಸಿ ನಿಂತಿದ್ದಳು. ಅಮ್ಮ ಅದನ್ನು ನೋಡಿದಳು. ಅವಳ ಕೈ ಹಿಡಿದು ಮುಂದೆ ನಡೆಸಿದಳು.

ಚಪ್ಪಲಿ ಬಿಟ್ಟಲ್ಲೇ ಇತ್ತು. ಪಕ್ಕದಲ್ಲಿ ಗಂಡಸರ ದಪ್ಪ ಅಟ್ಟೆಯ ಇನ್ನೊಂದು ಜೋಡಿ. ಒಳಗೆ ನೀಲಿ ಹೊದಿಕೆಯ ಮಂಚದ ತುದಿಯಲ್ಲಿ ಬಿಳಿ ಗಡ್ಡದ ಮುದುಕರೊಬ್ಬರು ಬರಿಗಾಲಲ್ಲಿ ಕೂತು ಮನೆಯವರಿಗಾಗಿ ಕಾಯುತ್ತಿದ್ದರು. ಅಮ್ಮನ ಚಪ್ಪಲಿ ನೋಡಿ ತಾವೂ ಬಿಟ್ಟಿರಬೇಕು, ಅಥವಾ ಅವರ ಊರಲ್ಲೂ ಹೀಗೆಯೇ ಇರಬೇಕು. ಅಮ್ಮ ಅವರಿಗೆ ತಲೆಯಾಡಿಸಿದಳು, ಅವರು ಎದೆಗೆ ಕೈ ಮುಟ್ಟಿಸಿಕೊಂಡರು. "ಕಾಣ್, ತಿಳ್ದವ್ರ್" ಎಂದಳು ಅಮ್ಮ ನನಗೆ, ಚಪ್ಪಲಿ ಮೆಟ್ಟುತ್ತಾ.

ಕೆಳಗಿನ ಮಹಡಿ: ಕೈ ತಡೆಯದ ಜಾಗ

ಮೇಲಿನ ಮಹಡಿಯಲ್ಲಿ ಗಟ್ಟಿಯಾಗಿದ್ದವರೂ ಕೆಳಗಿನ ಮಹಡಿಯಲ್ಲಿ ಸೋಲುತ್ತಾರೆ. ಅಲ್ಲಿರುವುದೆಲ್ಲ ಸಣ್ಣ ಸಾಮಾನು. ತಟ್ಟೆ, ಲೋಟ, ಮೇಣದಬತ್ತಿ, ಚಮಚ, ಹೂಕುಂಡ. ಯಾವುದೂ ಬೇಕಾಗಿಲ್ಲ, ಯಾವುದನ್ನೂ ಬಿಟ್ಟು ಹೋಗಲು ಮನಸ್ಸಿಲ್ಲ. ನಾನು ಬಟ್ಟೆ ನೇತುಹಾಕುವ ಹ್ಯಾಂಗರಿನ ಕಟ್ಟು ಎತ್ತಿಕೊಂಡೆ, ಅಂಗಡಿಗಾದೀತೆಂದು. ದಾಲ್ಚಿನ್ನಿ ಪರಿಮಳದ ಮೇಣದಬತ್ತಿ ಎತ್ತಿಕೊಂಡೆ, ಕರೆಂಟು ಹೋದಾಗ ಆದೀತೆಂದು. ಕರೆಂಟು ಹೋದಾಗ ದಾಲ್ಚಿನ್ನಿ ಪರಿಮಳ ಯಾಕೆ ಬೇಕು ಎಂದು ಈಗ ಯೋಚಿಸುತ್ತೇನೆ. ರಘು ಸ್ಕ್ರೂ ತಿರುಗಿಸುವ ಸಲಕರಣೆಯ ಡಬ್ಬಿ ಹಿಡಿದುಕೊಂಡಿದ್ದ. "ಮನೆಲಿ ಎರಡ್ ಇತ್ತಲೇ" ಎಂದು ಸುಮತಿ ನೆನಪಿಸಿದರೂ ಬಿಡಲಿಲ್ಲ.

ಅಮ್ಮ ಮಾತ್ರ ಕೈ ಹಿಂದಕ್ಕೆ ಕಟ್ಟಿ ನಡೆಯುತ್ತಿದ್ದಳು. ಏನು ತೋರಿಸಿದರೂ "ಬೇಡ, ಮನೆಲಿತ್". ಅಡುಗೆ ಸಾಮಾನಿನ ಸಾಲು ಬಂತು. ಅಲ್ಲಿ ಒಂದು ಹಲಗೆಯ ಮೇಲೆ ಬೂದು ಬಣ್ಣದ ಪುಟ್ಟ ಕುಟ್ಟುಕಲ್ಲುಗಳನ್ನು ಇಟ್ಟಿದ್ದರು. ಬಟ್ಟಲಿನಂಥ ಒರಳು, ಅದರೊಳಗೊಂದು ಕಲ್ಲಿನ ಗುಂಡು. ಅಮ್ಮ ನಿಂತಳು. ಹಿಂದೆ ಕಟ್ಟಿದ ಕೈ ಬಿಚ್ಚಿ ಗುಂಡನ್ನು ಎತ್ತಿದಳು. ಅಂಗೈಯಲ್ಲಿ ತೂಗಿದಳು, ತಿರುಗಿಸಿದಳು, ಬೆರಳಿಂದ ತಟ್ಟಿದಳು. ಒಂದನ್ನಿಟ್ಟು ಇನ್ನೊಂದನ್ನೆತ್ತಿದಳು. ಸಂತೆಯಲ್ಲಿ ತೆಂಗಿನಕಾಯಿ ಆರಿಸುವಾಗಲೂ ಅಷ್ಟು ಹೊತ್ತು ತೆಗೆದುಕೊಂಡವಳಲ್ಲ.

"ಇದೊಂದ್ ತಕಂಬ" ಎಂದಳು.

"ಅಮ್ಮ, ಮಿಕ್ಸಿ ಇತ್ತಲೇ!" ಎಂದಳು ಸುಮತಿ.

"ಇರ್ಲಿ."

ರಘುವಿಗೆ ತಡೆಯಲಾಗಲಿಲ್ಲ. "ಅತ್ತೆ, ನಮ್ ಬದಿಯಲ್ ಕಲ್ಲಿಗೆ ಬರ್ಗಾಲವಾ? ದುಬೈಯಿಂದ ಕಲ್ಲ್ ಹೊತ್ಕಂಡ್ ಹೋದ್ರೆ ಊರವ್ರ್ ನೆಗಾಡ್ರಾ?"

"ಹೊತ್ಕಂಡ್ ಹೋಪ್ದಲ್ಲ. ಇಲ್ಲೇ ಇಪ್ದ್" ಎಂದಳು ಅಮ್ಮ. ಟ್ರಾಲಿಗೆ ಹಾಕಲೂ ಬಿಡಲಿಲ್ಲ. ಗುಂಡನ್ನು ಎದೆಗೆ ಒತ್ತಿಕೊಂಡೇ ಬಿಲ್ಲಿನ ಸಾಲಿನಲ್ಲಿ ನಿಂತಳು.

ದಾರಿಯುದ್ದಕ್ಕೂ ನಾವು ಅಮ್ಮನನ್ನು ಗೋಳುಹೊಯ್ದುಕೊಂಡೆವು. ಅರ್ಧ ದಾರಿಯಲ್ಲಿ ರಘು ಇದ್ದಕ್ಕಿದ್ದಂತೆ ಸ್ಟೀರಿಂಗಿಗೆ ಹೊಡೆದು, "ಅಯ್ಯೋ, ಮೆಟ್ಟಿನ್ ಗೂಡ್!" ಎಂದ. ಕಾರು ತುಂಬಾ ಸಾಮಾನು. ಹೋದ ಕೆಲಸವೇ ಆಗಿರಲಿಲ್ಲ.

ಶಾರ್ಜಾ: ಹಳೇ ಸೀರೆಯ ತುಂಡು

ಸ್ನಾನ ಮುಗಿಸಿ ನಾನು ಹಾಲ್‌ಗೆ ಬಂದಾಗ ಅಮ್ಮ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಒರಳು ಅಡುಗೆಮನೆಗೆ ಹೋಗಿತ್ತು. ಗುಂಡು ಮಾತ್ರ ಅಮ್ಮನ ಮಡಿಲಲ್ಲಿ. ತೊಳೆದು, ತೆಂಗಿನೆಣ್ಣೆ ಸವರಿ, ಊರಿಂದ ತಂದ ಹಳೇ ಸೀರೆಯ ತುಂಡಿನಲ್ಲಿ ಅದನ್ನು ಸುತ್ತುತ್ತಿದ್ದಳು. ಸುಮತಿ ಸೋಫಾದಲ್ಲಿ ಕೂತು ನೋಡುತ್ತಿದ್ದಳು.

"ಎಂತ ಮಾಡ್ತಿದ್ದೆ ಅಮ್ಮ?" ಎಂದು ಕೇಳಿದೆ.

"ಹೆಸ್ರಿಡು ದಿನ ತೊಟ್ಲಲ್ ಮೊದ್ಲ್ ಎಂತ ಮನ್ಗ್ಸುದ್?" ಅಮ್ಮ ತಲೆಯೆತ್ತದೆ ಕೇಳಿದಳು.

ಉತ್ತರ ನನಗೂ ಸುಮತಿಗೂ ಗೊತ್ತಿತ್ತು. ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲು ಮಲಗಿಸುವುದು ಕಲ್ಲಿನ ಗುಂಡನ್ನು. ಮಗುವಿನ ಹಾಗೆಯೇ ಅದಕ್ಕೆ ಬಟ್ಟೆ ಸುತ್ತಿ, ತೂಗಿ, ಹಾಡಿ, ಅದನ್ನೆತ್ತಿದ ಮೇಲೆ ಮಗು. ಮಗು ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂದು. ತಲ್ಲೂರಿನಲ್ಲಿ ಚೀಲದ ಮೇಲೆ ಕೂತು ನಾನು ನಕ್ಕ ಗುಂಡು ಇದೇ.

"ಶಿಶುಗ್ ಅಂತೇಳಿ ಈಗ್ಲೇ ಎಂತದೂ ತಕಂಬುಕಾಗ" ಎಂದಳು ಅಮ್ಮ. "ಅದ್ ನಾನ್ ಹೇಳ್ದ್ ಮಾತೇ, ಈಗ್ಲೂ ಹೇಳ್ತೆ. ಆದ್ರೆ ಇದ್ ಶಿಶುದಲ್ಲ, ಮೆಣ್ಸ್ ಗುದ್ದು ಕಲ್ಲ್. ಕಲ್ಲಿಗೆ ಎಂತ ಹೆದ್ರಿಕಿ? ಆ ದಿನ ಬೇಕಾತ್ತ್ ಅಲ್ದಾ? ಆಗ ಈ ಊರಲ್ ನಾನ್ ಯಾರ್ ಮನೆ ಬಾಗ್ಲಿಗೆ ಹೋಯಿ ಗುಂಡ್ ಕೇಂಬುದ್?"

'ಆ ದಿನ' ಎಂದಳು ಅಮ್ಮ, ನಾಳೆ ಬೆಳಿಗ್ಗೆ ಹಾಲು ಬರುತ್ತದೆ ಎಂಬಷ್ಟು ಸಲೀಸಾಗಿ. ಆ ಮನೆಯಲ್ಲಿ ಅಷ್ಟು ತಿಂಗಳಿಂದ ಯಾರೂ ಆಡದಿದ್ದ ಮಾತು ಅದು.

ಸುಮತಿ ನಿಧಾನವಾಗಿ ಸೋಫಾದಿಂದ ನೆಲಕ್ಕಿಳಿದು ಅಮ್ಮನಿಗೆ ಒತ್ತಿ ಕೂತಳು. ಕೈ ಚಾಚಿದಳು. ಅಮ್ಮ ಬಟ್ಟೆ ಸುತ್ತಿದ ಕಲ್ಲನ್ನು ಅವಳ ಮಡಿಲಿಗಿಟ್ಟಳು. ಅವಳು ಅದನ್ನು ಹಿಡಿದುಕೊಂಡು ಅತ್ತಳು. ಸಣ್ಣವಳಿದ್ದಾಗ ಅಳುತ್ತಿದ್ದ ಹಾಗೆ, ಬಾಯಿ ದೊಡ್ಡದು ಮಾಡಿ, ನಾಚಿಕೆಯಿಲ್ಲದೆ. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ? ಅಮ್ಮ ಮಾತ್ರ ಅಳಲಿಲ್ಲ. ಅವಳ ಬೆನ್ನು ನೀವುತ್ತಾ "ಆಯ್ತ್, ಆಯ್ತ್" ಎನ್ನುತ್ತಿದ್ದಳು.

ಎಷ್ಟೋ ಹೊತ್ತಾದ ಮೇಲೆ ಸುಮತಿ ಮೂಗೊರೆಸಿಕೊಂಡು ಹೇಳಿದಳು. "ಅಮ್ಮ, ಆ ಮೂಲೆಲಿ ಇದ್ದದ್ ಕಂಡ್ಯಾ? ಬಿಳಿದಲ್ಲ. ಮರದ್ ಬಣ್ಣದ್ದ್."

ತಲೆ ತಗ್ಗಿಸಿ ಬಾಣವನ್ನೇ ನೋಡುತ್ತಿದ್ದ ಹುಡುಗಿ!

"ಕಂಡಿದೆ" ಎಂದಳು ಅಮ್ಮ. "ಕಾಲ್ ಗಟ್ಟಿ ಇತ್. ಶಿಶು ಆದ್ಮೇಲೆ ರಘು ಹೋಯಿ ತಕಂಡ್ ಬರ್ಲಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರಘು ಥಟ್ಟನೆ ಒಳಕ್ಕೆ ತಿರುಗಿ, ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆಯತೊಡಗಿದ.

ಮತ್ತೆ ತಲ್ಲೂರು

ಅಂಗಡಿಗೆ ಕೊಟ್ಟ ರಜೆ ಮುಗಿಯಿತು, ನಾನೊಬ್ಬಳೇ ವಾಪಸು ಬಂದೆ. ಸೂಟ್‌ಕೇಸಿನಲ್ಲಿ ಹ್ಯಾಂಗರು, ದಾಲ್ಚಿನ್ನಿ ಮೇಣದಬತ್ತಿ, ಕಾಗದದ ಟೇಪುಗಳು. ಹೊರಡುವ ದಿನ ಆ ಹಳದಿ ಕೋಣೆಯ ಬಾಗಿಲು ತೆರೆದಿತ್ತು. ಇಸ್ತ್ರಿ ಹಲಗೆ ಹೊರಗೆ ಬಂದಿತ್ತು. ಚಪ್ಪಲಿಗಳು ಮಾತ್ರ ಹಾಗೇ ರಾಶಿ ಬಿದ್ದಿದ್ದವು.

ಹೆಣ್ಣು ಮಗು ಹುಟ್ಟಿತು. ಫೋನಿನಲ್ಲಿ ಅಮ್ಮನ ಮಾತಿಗಿಂತ ಅದರ ಅಳುವೇ ಜೋರು. ಹೆಸರಿಡುವ ದಿನ ಅಂಗಡಿಯಲ್ಲಿ ಮಿಷನ್ನಿನ ಮೇಲೆ ಮೊಬೈಲನ್ನು ನೂಲಿನ ಉಂಡೆಗೆ ಆನಿಸಿಟ್ಟು ನಾನು ವಿಡಿಯೋ ಕಾಲ್‌ನಲ್ಲಿ ಸೇರಿಕೊಂಡೆ. ಮರದ ಬಣ್ಣದ ತೊಟ್ಟಿಲು ಬಂದಿತ್ತು. ರಘು ತಾನೇ ಜೋಡಿಸಿದ್ದನಂತೆ, ಮೊದಲ ಸಲ ತಲೆಕೆಳಗಾಗಿ. ಬ್ರಹ್ಮಾವರದ ಕಡೆಯ ಒಬ್ಬರು, ಅದೇ ಕಟ್ಟಡದವರು, ಹಾಡು ಹೇಳಲು ಬಂದಿದ್ದರು. ಅಮ್ಮ ಗುಂಡಿಗೆ ಬಟ್ಟೆ ಸುತ್ತಿ, ಪುಟ್ಟ ಟೊಪ್ಪಿ ಇಟ್ಟು, ಕಾಡಿಗೆಯ ಬೊಟ್ಟನ್ನೂ ಹಚ್ಚಿದ್ದಳು. ಅದನ್ನು ತೊಟ್ಟಿಲಲ್ಲಿ ಮಲಗಿಸಿ ತೂಗಿದರು. ಹಾಡು ಮುಗಿಯಿತು. ಅಮ್ಮ ಕಲ್ಲನ್ನೆತ್ತಲು ಕೈ ಹಾಕಿದಳು.

"ತಡಿ ಅಮ್ಮ" ಎಂದಳು ಸುಮತಿ. "ಒಂಚೂರ್ ಹೊತ್ತ್ ಇರ್ಲಿ."

ಅವಳೇ ತೊಟ್ಟಿಲ ಅಂಚು ಹಿಡಿದು ಮೆಲ್ಲಗೆ ತೂಗಿದಳು. ತೊಟ್ಟಿಲಲ್ಲಿ ಒಂದು ದಿನವೂ ಮಲಗದೆ, ಹೆಸರನ್ನೂ ಇಡಿಸಿಕೊಳ್ಳದೆ ಹೋದ ಇನ್ನೊಂದು ಮಗು ನಮ್ಮೆಲ್ಲರ ಮನಸ್ಸಿನಲ್ಲಿತ್ತು. ಆಮೇಲೆ ಅವಳು ಎರಡೂ ಕೈಯಲ್ಲಿ ಕಲ್ಲನ್ನೆತ್ತಿ, ಹಣೆಗೊಮ್ಮೆ ಮುಟ್ಟಿಸಿಕೊಂಡು ಗಂಡನ ಕಡೆಗೆ ಚಾಚಿದಳು.

"ಹ್ವಾಯ್, ತಲೆ ಸಮಾ ಹಿಡ್ಕಣಿ."

ರಘು ನಗಲಿಲ್ಲ. ಟೊಪ್ಪಿಯ ಕೆಳಗೆ ಅಂಗೈ ಕೊಟ್ಟು, ಎಳೆ ಕತ್ತನ್ನು ಆನಿಸುವ ಹಾಗೆ ಆನಿಸಿ, ಅದನ್ನು ಎದೆಗೆ ತೆಗೆದುಕೊಂಡ.